ಎಡ್ಮಂಡ್ ಗೇಲಿ ಮಾಡಿದ ಮಾತು

ಎಂ. ಎಲ್. ರಿಯೋ ಬರೆದ ‘ಇಫ್ ವಿ ವರ್ ವಿಲನ್ಸ್’ (2017) ಕಾದಂಬರಿಯನ್ನು ಒಂದು ರಾತ್ರಿ ಹಿಡಿದು ಕೂತರೆ ಅರ್ಧದವರೆಗೆ ಕೆಳಗಿಡಲು ಮನಸ್ಸು ಬಾರದು. ಆಮೇಲೆ ಅಲ್ಲಲ್ಲಿ ಪುಟ ಹಾರಿಸುವ ಹಾಗಾಗುತ್ತದೆ. ಎರಡಕ್ಕೂ ಕಾರಣ ಒಬ್ಬನೇ, ಶೇಕ್ಸ್‌ಪಿಯರ್.

ಅಮೆರಿಕದ ಇಲಿನಾಯ್‌ನಲ್ಲಿ ಡೆಲೆಕರ್ ಎಂಬ ಕಲ್ಪಿತ ಕಲಾಶಾಲೆ, ವರ್ಷ 1997. ಪ್ರತಿ ವರ್ಷ ಜರಡಿ ಹಿಡಿದು ಹಿಡಿದು ನಾಲ್ಕನೇ ವರ್ಷಕ್ಕೆ ಉಳಿದ ನಟರು ಏಳೇ ಮಂದಿ. ಅವರಲ್ಲೊಬ್ಬ ಸಾಯುತ್ತಾನೆ. ಹತ್ತು ವರ್ಷ ಜೈಲಿನಲ್ಲಿದ್ದು ಹೊರಬಂದ ಆಲಿವರ್, ಅಂದು ತನಿಖೆ ಮಾಡಿದ್ದ ಪತ್ತೇದಾರನಿಗೆ ನಡೆದದ್ದನ್ನು ಹೇಳುತ್ತಾನೆ. ಇಡೀ ಪುಸ್ತಕ ಐದು ಅಂಕ.

ಕಾದಂಬರಿಯ ಜೀವ ಇರುವುದು ಕೊಲೆಯಲ್ಲಲ್ಲ, ಪಾತ್ರ ಹಂಚಿಕೆಯಲ್ಲಿ. ರಿಚರ್ಡ್‌ಗೆ ಯಾವಾಗಲೂ ದೊರೆ ಅಥವಾ ದರ್ಪಿಷ್ಠ, ಜೇಮ್ಸ್‌ಗೆ ನಾಯಕ, ಆಲಿವರ್‌ಗೆ ಪಕ್ಕದವನ ಪಾತ್ರ. ಹ್ಯಾಲೋವೀನ್ ರಾತ್ರಿ ಕೆರೆದಂಡೆಯಲ್ಲಿ ಆಡುವ ಮ್ಯಾಕ್‌ಬೆತ್ ಮಾತ್ರ ರಿಚರ್ಡ್‌ಗೆ ಬದಲು ಜೇಮ್ಸ್‌ಗೆ ಹೋಗುತ್ತದೆ. ಬಿರುಕು ಅಲ್ಲಿಂದ. ಮುಂದೆ ‘ಜೂಲಿಯಸ್ ಸೀಸರ್’ ಆಡುವಾಗ ಸೀಸರನಾದ ರಿಚರ್ಡ್, ಬ್ರೂಟಸ್ ಆದ ಜೇಮ್ಸ್‌ಗೆ ನಿಜವಾಗಿಯೇ ನೋವು ಮಾಡುತ್ತಾನೆ. ರಂಗದ ಹೊಡೆದಾಟದಲ್ಲಿ ಹೊಡೆತ ತಿನ್ನುವವನೇ ಚಲನೆಯನ್ನು ಹಿಡಿತದಲ್ಲಿಟ್ಟಿರುತ್ತಾನೆ. ಎಳೆದಂತೆ ಕಾಣುವ ಕೈ ಸುಮ್ಮನೆ ಹಿಂಬಾಲಿಸುತ್ತದೆ, ಅಷ್ಟೇ. ತಾಲೀಮಿನಲ್ಲಿ ಕೂಡಿಸಿದ ಲೆಕ್ಕಕ್ಕಿಂತ ಹೆಚ್ಚು ಬಲ ಒಬ್ಬ ಹಾಕಿದರೆ ಇನ್ನೊಬ್ಬ ತಡೆಯುವಂತಿಲ್ಲ, ಎದುರಿಗೆ ಪ್ರೇಕ್ಷಕರಿದ್ದಾರೆ. ಈ ಭಯ ಪುಸ್ತಕದಲ್ಲಿ ಚೆನ್ನಾಗಿ ಮೈಗೂಡಿದೆ.

ಊಟದ ಮೇಜಿನಲ್ಲೂ ಜಗಳದಲ್ಲೂ ಇವರು ಶೇಕ್ಸ್‌ಪಿಯರನ ಸಾಲನ್ನೇ ಎಸೆಯುತ್ತಾರೆ. ಕೈಕೊಡುವುದು ಇದೇ. ರಂಗದ ಮೇಲಿನ ಸಾಲು ಎದುರಿನವನಿಂದ ಏನನ್ನೋ ಪಡೆಯಲೆಂದು ಆಡಿದ್ದು. ತಿಂಡಿಯ ನಡುವೆ ಅದು ಬರೀ ಜಂಬ. ನಾಟಕ ಗೊತ್ತಿಲ್ಲದ ಓದುಗ ಹೊರಗುಳಿಯುತ್ತಾನೆ. ಗೊತ್ತಿರುವವನಿಗೆ ಮೂಲದಲ್ಲಿ ಅದನ್ನು ಯಾರು, ಯಾಕೆ ಹೇಳಿದರೆಂಬುದು ನೆನಪಾಗಿ ಕಿರಿಕಿರಿ. (ಮುಂದೆ ಇವರು ಆಡುವ ಶೇಕ್ಸ್‌ಪಿಯರನ ಕಿಂಗ್ ಲಿಯರ್‌ನ ಪಾತ್ರ ಹಂಚಿಕೆ ಓದಿದ ಕೂಡಲೇ ಗುಟ್ಟಿನ ಅರ್ಧ ಬಯಲಾಗುವುದೂ ಇವನಿಗೇ.)

ಶೀರ್ಷಿಕೆಯೇ ನೋಡಿ. ‘ಕಿಂಗ್ ಲಿಯರ್’ ಮೊದಲ ಅಂಕ, ಎರಡನೇ ದೃಶ್ಯದ ಮಾತದು. ತಮ್ಮ ಕೇಡಿಗೆ ಸೂರ್ಯ ಚಂದ್ರ ನಕ್ಷತ್ರಗಳನ್ನು ಹೊಣೆ ಮಾಡುವವರನ್ನು ಆ ನಾಟಕದ ಖಳ ಎಡ್ಮಂಡ್ ಅಲ್ಲಿ ಗೇಲಿ ಮಾಡುತ್ತಾನೆ: ವಿಧಿಯೇ ನಮ್ಮನ್ನು ದುಷ್ಟರನ್ನಾಗಿ ಮಾಡಿತಂತೆ! ಕಾದಂಬರಿಯ ಹುಡುಗರು ಗ್ರಹಗಳ ಜಾಗಕ್ಕೆ ಪಾತ್ರಗಳನ್ನು ತಂದು ಅದೇ ನೆಪ ಹೇಳುತ್ತಾರೆ, ಅದೂ ಮುಖ ಗಂಟಿಕ್ಕಿಕೊಂಡು. ಲೇಖಕಿ ಅವರನ್ನು ನಂಬಿದ್ದಾರೋ, ಎಡ್ಮಂಡನ ಜೊತೆ ನಗುತ್ತಿದ್ದಾರೋ ಕೆಲವು ಕಡೆ ಹೇಳುವುದೇ ಕಷ್ಟ. ನನಗೆ ಆ ಅನುಮಾನವೇ ಪತ್ತೇದಾರಿಗಿಂತ ರುಚಿಸಿತು.

ಓದುವ ಮೊದಲು ಈ ದೃಶ್ಯ, ‘ಸೀಸರ್’ನ ಮೂರನೇ ಅಂಕದ ಮೊದಲ ದೃಶ್ಯ, ಇವೆರಡು ಸಾಕು. ಮ್ಯಾಕ್‌ಬೆತ್‌ಗೆ ಡಿ.ವಿ.ಜಿ. ಅವರ ಕನ್ನಡ ಅನುವಾದವಿದೆ. ಎಡ್ಗರ್–ಎಡ್ಮಂಡ್ ಅಣ್ಣತಮ್ಮಂದಿರ ಕತ್ತಿಕಾಳಗ ಬರುವ ಲಿಯರ್‌ನ ಕೊನೆಯ ದೃಶ್ಯವನ್ನು ಮಾತ್ರ ಕಾದಂಬರಿ ಮುಗಿಯುವವರೆಗೆ ಮುಟ್ಟಬೇಡಿ. ಐದನೇ ಅಂಕದ ಬಿಗಿಯೆಲ್ಲ ಅದರ ಮೇಲೆ ನಿಂತಿದೆ.