ಎರಡು ಕೈ, ಮೂರು ಕೆಲಸ

ನಮ್ಮ ಕಡೆ ಕೋವಿ ಹೊಸದೇನಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೃಷಿಕರು ಉಡುಪಿ, ದಕ್ಷಿಣ ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ಚುನಾವಣೆ ಘೋಷಣೆಯಾದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡುವ ಓಡಾಟ, ಅದರ ಹಿಂದೆಯೇ ಗೊಣಗಾಟ, ಪ್ರತಿ ಸಲವೂ ಇದ್ದದ್ದೇ. ರಿವಾಲ್ವರ್ ಮಾತ್ರ ಅಪರೂಪ. ನನ್ನಲ್ಲಿರುವುದು ಅಪ್ಪನದು. ಗೇರುಬೀಜದ ವ್ಯಾಪಾರಕ್ಕೆ ನಗದು ಹಿಡಿದುಕೊಂಡು ಊರೂರು ತಿರುಗುತ್ತಿದ್ದ ಕಾಲದಲ್ಲಿ ಅವರು ಕೊಂಡದ್ದು, ಕಾನ್ಪುರದಲ್ಲಿ ತಯಾರಾದ .32 ರಿವಾಲ್ವರ್. ಅವರ ನಂತರ ಪರವಾನಗಿ ನನ್ನ ಹೆಸರಿಗಾಯಿತು. 2016ರ ಆಯುಧ ನಿಯಮಗಳು ಕೇಳುವ ಸುರಕ್ಷತಾ ತರಬೇತಿಯೂ ಮುಗಿಯಿತು. ಆದರೆ ಆ ತರಬೇತಿ ನಡೆದದ್ದು ಹಾಡಹಗಲಿನಲ್ಲಿ, ಎರಡೂ ಕೈ ಖಾಲಿ ಇಟ್ಟುಕೊಂಡು, ಕದಲದೆ ನಿಂತ ಕಾಗದದ ಗುರಿಯ ಎದುರು. ಕಳ್ಳರು ಅಷ್ಟು ಅನುಕೂಲ ಮಾಡಿಕೊಡುವವರಲ್ಲ.

ರಾತ್ರಿಯ ಪಾಠ ಆಗಲೇಬೇಕೆಂದು ಹಟ ಹಿಡಿದವಳು ನನ್ನ ಹೆಂಡತಿ. “ಕತ್ತಲೆಯಲ್ಲಿ ನೀವು ಅದನ್ನು ಹಿಡಿದು ಓಡಾಡಿದರೆ ನನಗೆ ಕಳ್ಳನಿಗಿಂತ ನಿಮ್ಮದೇ ಹೆದರಿಕೆ” ಎಂದಳು. ಅವಳ ಚಿಕ್ಕಪ್ಪ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಬ್ರಹ್ಮಾವರದ ಹತ್ತಿರ ಇದ್ದಾರೆ. ಅವರನ್ನು ನಮ್ಮ ಹಿರಿಯಡಕದ ಮನೆಗೆ ಕರೆಸಿದಳು. ಆಟಿ ತಿಂಗಳ ಮಳೆ. ಸಂಜೆಗೆ ಗಾಳಿ ಎದ್ದು ಕರೆಂಟ್ ಹೋಗಿತ್ತು, ದೀಪ ಆರಿಸುವ ಕೆಲಸವೂ ಉಳಿಯಲಿಲ್ಲ.

ಮಾವ ಮೊದಲು ರಿವಾಲ್ವರನ್ನು ಬಿಚ್ಚಿಸಿದರು. ಅದು ನಳಿಗೆಯ ಬದಿ ಕೆಳಕ್ಕೆ ಮಡಚಿಕೊಂಡು ತೆರೆಯುವ ಮಾದರಿಯದು. ಸಿಲಿಂಡರಿನ ಆರೂ ಮನೆಗಳಿಗೆ ಬೆರಳಿಟ್ಟು ಖಾಲಿ ಎಂದು ನೋಡಿದರು, ನನ್ನಿಂದಲೂ ನೋಡಿಸಿದರು. ಆಮೇಲೆ ಅದನ್ನು ಕಪಾಟಿನಲ್ಲಿ ಬೀಗ ಹಾಕಿಸಿ, ಕೀಲಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. ತಮ್ಮ ಚೀಲದಿಂದ ತೆಗೆದದ್ದು ನೀಲಿ ಪ್ಲಾಸ್ಟಿಕ್ಕಿನ ಡಮ್ಮಿ. ಮನೆಯೊಳಗೆ ಕಲಿಯುವವರಿಗೆ ಇದಕ್ಕಿಂತ ಹೆಚ್ಚಿನದು ಬೇಡ ಎಂಬುದು ಅವರ ನಿಯಮ. ರಾತ್ರಿ ಕಳೆಯುವುದರೊಳಗೆ ಆ ನಿಯಮಕ್ಕೆ ನಾನು ಕೈಮುಗಿದೆ.

ಚಾವಡಿಯಲ್ಲಿ ದೀಪವಿಲ್ಲದೆ ಅರ್ಧ ಗಂಟೆ ಸುಮ್ಮನೆ ಕೂರಿಸಿದರು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮೊದಲು ಬರೀ ಕಪ್ಪು, ಆಮೇಲೆ ಕಂಬ, ಆಮೇಲೆ ಅಂಗಳದ ತುಳಸಿಕಟ್ಟೆಯ ಆಕಾರ. ಅಷ್ಟರಲ್ಲಿ ಜೊತೆಗೆ ಕೂತಿದ್ದ ನನ್ನ ಅಳಿಯನ ಮೊಬೈಲಿಗೆ ಸಂದೇಶ ಬಂದು ಪರದೆ ಬೆಳಗಿತು. ಅರ್ಧ ಗಂಟೆಯ ಗಳಿಕೆ ಅಲ್ಲಿಗೆ ಮುಗಿಯಿತು.

ನಂತರ ಹಿಡಿತಗಳು. ಟಾರ್ಚ್ ಹಿಡಿದ ಕೈಯನ್ನು ಮೈಯಿಂದ ದೂರ, ಮೇಲಕ್ಕೆ ಚಾಚುವುದು ಒಂದು. ಬೆಳಕಿಗೆ ಗುರಿಯಿಟ್ಟವನಿಗೆ ನಮ್ಮ ಎದೆ ಸಿಗಬಾರದೆಂದು. ಅಮೆರಿಕದ ಎಫ್‌ಬಿಐನವರ ಹೆಸರಿನಲ್ಲೇ ಅದು ಪ್ರಸಿದ್ಧ. ಇನ್ನೊಂದು 1970ರ ದಶಕದಲ್ಲಿ ಮೈಕೆಲ್ ಹ್ಯಾರೀಸ್ ಎಂಬವರು ಬಳಕೆಗೆ ತಂದದ್ದು. ಎಡಗೈಯಲ್ಲಿ ಟಾರ್ಚನ್ನು ಕಠಾರಿ ಹಿಡಿದಂತೆ ಹಿಡಿಯಬೇಕು. ಬೆಳಕು ಕಿರುಬೆರಳಿನ ಕಡೆಯಿಂದ ಹೊರಡುತ್ತದೆ, ಹಿಂಬದಿಯ ಸ್ವಿಚ್ಚಿನ ಮೇಲೆ ಹೆಬ್ಬೆರಳು. ಆ ಕೈಯನ್ನು ಬಲಗೈಯ ಕೆಳಗಿನಿಂದ ತೂರಿಸಿ, ಎರಡು ಮಣಿಕಟ್ಟು ಅಡ್ಡ ಬಂದು, ಅಂಗೈಗಳ ಹಿಂಭಾಗ ಒಂದಕ್ಕೊಂದು ಒತ್ತಿಕೊಳ್ಳಬೇಕು. ಆ ಒತ್ತಡದಿಂದಲೇ ಆಯುಧ ಅಲುಗದೆ ನಿಲ್ಲುತ್ತದೆ. ಕೈ ಹೋಗಬೇಕಾದದ್ದು ಕೆಳಗಿನಿಂದ ಎಂಬುದನ್ನು ಮಾವ ಸಾಕೆನಿಸುವಷ್ಟು ಸಲ ಹೇಳಿದರು. ಅವಸರದಲ್ಲಿ ಮುಂದಿನಿಂದ ತಂದರೆ ನಮ್ಮ ಮಣಿಕಟ್ಟು ನಮ್ಮದೇ ನಳಿಗೆಯನ್ನು ಹಾದು ಹೋಗುತ್ತದೆ. ನೋಡಲು ಚೆಂದದ ಹಿಡಿತ. ಐವತ್ತು ದಾಟಿದ ಭುಜಕ್ಕೆ ಮಾತ್ರ ಬಹಳ ಹೊತ್ತು ಒಗ್ಗುವುದಿಲ್ಲ. ಟಾರ್ಚನ್ನು ದವಡೆಯ ಕೆಳಗೆ, ಕತ್ತಿನ ಪಕ್ಕಕ್ಕೆ ಇಟ್ಟುಕೊಳ್ಳುವ ಮೂರನೆಯದು ನನಗೆ ಹಿತವೆನಿಸಿತು. ನೋಟ ಹೋದಲ್ಲಿ ಬೆಳಕೂ ಹೋಗುತ್ತದೆ. ಹೊಡೆಯಬೇಕೆನ್ನುವವನಿಗೆ ತಲೆ ಎಲ್ಲಿದೆ ಎಂದು ತೋರಿಸಿಕೊಟ್ಟಂತೆಯೂ ಆಗುತ್ತದೆ ಎಂದು ಮಾವ ನಕ್ಕರು.

ಆ ರಾತ್ರಿ ನನ್ನನ್ನು ನಿಜವಾಗಿ ಬೆದರಿಸಿದ್ದು ಒಂದು ಸ್ಪಂಜು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಳಿಯನ ಬಲಗೈಗೆ ಕೊಟ್ಟರು, ಎಡಗೈಗೆ ಬಿಗಿ ಸ್ವಿಚ್ಚಿನ ಟಾರ್ಚ್. “ಚಪ್ಪಾಳೆ ಕೇಳಿದ ಕೂಡಲೇ ದೀಪ ಹಾಕು, ಬಲಗೈ ಅಲುಗಿಸಬೇಡ.” ಹುಡುಗ ಸಿದ್ಧನಾಗಿ ನಿಂತ. ಮಾವ ಹಿಂದಿನಿಂದ ಹೋಗಿ ಅವನ ಕಿವಿಯ ಬಳಿಯೇ ಚಪ್ಪಾಳೆ ತಟ್ಟಿದರು. ಟಾರ್ಚ್ ಹೊತ್ತಿತು. ಬಲಗೈಯ ಬೆರಳ ಸಂದಿಯಿಂದ ನೀರು ಸಿಮೆಂಟಿನ ನೆಲಕ್ಕೆ ತೊಟ್ಟಿಕ್ಕಿತು. ಒಂದು ಕೈ ಬಲವಾಗಿ ಬಿಗಿದಾಗ ಇನ್ನೊಂದು ಕೈಯೂ ತಾನಾಗಿ ಬಿಗಿಯಬಹುದು. ಗಾಬರಿಯಲ್ಲಿ ಅದು ಇನ್ನೂ ಹೆಚ್ಚು. ಸ್ವಿಚ್ ಒತ್ತುವ ಹೆಬ್ಬೆರಳಿಗೆ ಟ್ರಿಗರ್ ಮೇಲಿನ ತೋರುಬೆರಳು ಜೊತೆಗೊಟ್ಟರೆ ಏನಾದೀತು? ಸುತ್ತಿಗೆ, ಎಂದರೆ ಗುಂಡು ಸಿಡಿಸಲು ಬಡಿಯುವ ಹಿಂಬದಿಯ ಭಾಗ, ಎಳೆದಿಡದ ರಿವಾಲ್ವರಿನ ಟ್ರಿಗರ್ ಗಟ್ಟಿ ಇರುತ್ತದೆ, ಸ್ವಲ್ಪ ಕ್ಷಮಿಸೀತು. ಎಳೆದಿಟ್ಟರೆ ಬಹಳ ಹಗುರ. ಹಾಗಾಗಿ ತೋರುಬೆರಳು ಟ್ರಿಗರಿನ ಬಳೆಯ ಹೊರಗೆ, ಲೋಹದ ಮೈಗೆ ನೇರವಾಗಿ ಅಂಟಿಕೊಂಡಿರಬೇಕು. ಇದನ್ನು ಹಗಲಿನ ತರಬೇತಿಯಲ್ಲೂ ಹೇಳಿದ್ದರು. ಏಕೆಂದು ತಿಳಿದದ್ದು ನೆಲ ಒದ್ದೆಯಾದಾಗ.

ಮನೆ ಸುತ್ತತೊಡಗಿದಾಗ ಬೆಳಕಿನ ಚೇಷ್ಟೆ ಗೊತ್ತಾಯಿತು. ಟಾರ್ಚನ್ನು ಛಾವಣಿಗೆ ಹಿಡಿದರೆ ಅದು ಚದುರಿ ಕೋಣೆಯೆಲ್ಲ ಬೆಳಗುತ್ತದೆ ಎಂಬ ಉಪಾಯ ಹೊಸದಾಗಿ ಕಟ್ಟಿಸಿದ ತಾರಸಿ ಕೋಣೆಯಲ್ಲಿ ಸೊಗಸಾಗಿ ನಡೆಯಿತು. ನಡುಮನೆಗೆ ಬಂದರೆ ಮೇಲಿರುವುದು ಹೊಗೆ ಹಿಡಿದ ಹಂಚು, ಕಪ್ಪು ಪಕಾಸು. ಬೆಳಕನ್ನೆಲ್ಲ ಅವೇ ನುಂಗಿಕೊಂಡವು. ಸುಣ್ಣದ ಗೋಡೆಗೆ ಹತ್ತಿರದಿಂದ ಹಿಡಿದರೆ ಅದೇ ಬೆಳಕು ವಾಪಸ್ ಬಂದು ನಮ್ಮನ್ನೇ ಕುರುಡಾಗಿಸುತ್ತದೆ. ಕಪಾಟಿನ ಕನ್ನಡಿ ಇನ್ನೂ ಕೆಟ್ಟದ್ದು: ಟಾರ್ಚ್ ಹಿಡಿದ ಆಳೊಬ್ಬ ನನ್ನತ್ತಲೇ ನೋಡುತ್ತಿದ್ದ. ಮಳೆಗಾಲದಲ್ಲಿ ಹಿತ್ತಲ ಬಾಗಿಲು ತೆರೆದು ಬೆಳಕು ಬಿಟ್ಟರಂತೂ ಹತ್ತಿರದ ಹನಿಗಳೇ ಹೊಳೆದು, ಅವುಗಳಾಚೆಯ ತೋಟ ಮಾಯ. ದೀಪವನ್ನು ಹೊತ್ತಿಸಿಯೇ ಇಡಬಾರದು, ಕ್ಷಣ ಬೆಳಗಿಸಿ, ನೋಡಿ, ಆರಿಸಿ, ಪಕ್ಕಕ್ಕೆ ಸರಿಯಬೇಕೆಂಬ ಪಾಠಕ್ಕೆ ಪಕ್ಕಕ್ಕೆ ಸರಿಯಲು ಜಾಗವೂ ಬೇಕು. ನಮ್ಮಲ್ಲಿ ಅಲ್ಲಿ ಅಡಿಕೆ ಗೋಣಿ.

ಹಿತ್ತಲ ಬಾಗಿಲ ಚಿಲಕದ ಎದುರು ನಿಂತಾಗ ನಿಜವಾದ ಸಮಸ್ಯೆ ಬಂತು. ಬಲಗೈಯಲ್ಲಿ ಡಮ್ಮಿ, ಎಡಗೈಯಲ್ಲಿ ಟಾರ್ಚ್. ಚಿಲಕ ತೆಗೆಯುವವರು ಯಾರು? ಫೋನ್ ಮಾಡುವುದು ಹೇಗೆ? ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿದೆ. ಬೆಳಕು ನನ್ನ ಪಾದಕ್ಕೆ ಬಿತ್ತು. “ತೆಗೆಯುವುದು ಬೇಡವೇ ಬೇಡ. ಹೊರಗೆ ಹುಡುಕಲು ಹೋಗುವುದು ಪೊಲೀಸರ ಕೆಲಸ. ನೀವು ಒಳಗೆ ಒಂದು ಕಡೆ ಸೇರಿ 112ಕ್ಕೆ ಫೋನ್ ಮಾಡಿ” ಎಂದರು ಮಾವ. ಹಿಡಿತಗಳ ಪಾಠಕ್ಕಿಂತ ಈ ಮಾತಿಗೆ ನನ್ನ ಮಟ್ಟಿಗೆ ಹೆಚ್ಚು ಬೆಲೆ.

ಕೊನೆಯದು ಗುರುತಿಸುವ ಪಾಠ. ಅಳಿಯ ಅಡುಗೆಮನೆಯಲ್ಲಿ ಏನಾದರೊಂದು ಹಿಡಿದು ನಿಲ್ಲುತ್ತಾನೆ; ನಾನು ಟಾರ್ಚನ್ನಷ್ಟೇ ಕ್ಷಣ ಬೆಳಗಿಸಿ ಕೈಯಲ್ಲಿ ಏನಿದೆ ಎಂದು ಹೇಳಬೇಕು. ಮಡಚಿದ ಕೊಡೆ, ಸೌಟು, ಕತ್ತಿ, ಒಮ್ಮೆ ಏನೂ ಇಲ್ಲ. ಕ್ಷಣದ ಬೆಳಕಿನಲ್ಲಿ ಕೊಡೆಯ ಹಿಡಿ ಏನಾಗಿ ಬೇಕಾದರೂ ಕಾಣುತ್ತದೆ. ಹೀಗೆ ನಡೆಯುತ್ತಿರುವಾಗ ಬಚ್ಚಲ ಕಡೆಯಿಂದ ಆಕೃತಿಯೊಂದು ಬಂತು, ಕೈಯಲ್ಲಿ ಉದ್ದನೆಯ ಏನೋ. ಬೆಳಕು ಬಿಟ್ಟರೆ ಅಮ್ಮ, ಊರುಗೋಲು ಹಿಡಿದು. “ಕಣ್ಣಿಗೇಕೆ ಬಿಡುತ್ತೀಯ ಮಾರಾಯ? ಮಲಗುವ ಹೊತ್ತಿಗೆ ಇದೆಂಥ ಆಟ?” ಎಂದು ಎಲ್ಲರನ್ನೂ ಸೇರಿಸಿ ಬೈದು ಒಳಗೆ ಹೋದರು.

ಚಹಾ ಕುಡಿಯುವಾಗ ಕಾನೂನಿನ ಮಾತು ಬಂತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆತ್ಮರಕ್ಷಣೆಯ ಹಕ್ಕಿದೆ, ಸೂರ್ಯಾಸ್ತದ ನಂತರ ಮನೆ ಮುರಿದು ನುಗ್ಗುವವನ ವಿಷಯದಲ್ಲಿ ವಿಶೇಷವಾಗಿಯೇ ಇದೆ. ಆದರೆ ರಕ್ಷಣೆಗೆ ಅಗತ್ಯವಿದ್ದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಮಾತೂ ಜೊತೆಗಿದೆ.

ಅಳಿಯ ಮೊಬೈಲಿನಲ್ಲಿ ಏನೋ ನೋಡಿಕೊಂಡು ಕೇಳಿದ: “ಪಿಸ್ತೂಲಿನ ಕೆಳಗೇ ದೀಪ ಜೋಡಿಸುತ್ತಾರಲ್ಲ ಅಜ್ಜ, ಒಂದು ಕೈ ಉಳಿಯುತ್ತದಲ್ಲ?”

“ಉಳಿಯುತ್ತದೆ. ಆದರೆ ಬಂದವರು ಯಾರೆಂದು ನೋಡಬೇಕಾದರೆ ನಳಿಗೆಯನ್ನೂ ಅವರತ್ತಲೇ ತಿರುಗಿಸಬೇಕು. ಈಗ ಬಂದದ್ದು ಯಾರು?”

ಹುಡುಗ ಮೊಬೈಲ್ ಕಿಸೆಗೆ ಹಾಕಿದ.

ಮರುವಾರ ಹಿತ್ತಲಿಗೆ, ಕೊಟ್ಟಿಗೆಯ ಮೂಲೆಗೆ ಆಳು ಸುಳಿದರೆ ತಾನಾಗಿ ಹೊತ್ತುವ ದೀಪ ಹಾಕಿಸಿ, ಅವುಗಳಿಗೆ ಇನ್ವರ್ಟರಿನಿಂದಲೇ ಲೈನ್ ಎಳೆಸಿದೆ. ಹಿಂಬದಿ ಸ್ವಿಚ್ಚಿನ ಟಾರ್ಚ್ ಈಗ ತಲೆದಿಂಬಿನ ಹತ್ತಿರ ಇರುತ್ತದೆ. ಕಪಾಟಿನ ಕೀಲಿ ಮಾತ್ರ ಹೆಂಡತಿಯ ಬಳಿಯೇ ಉಳಿಯಿತು. ಕೇಳಿದರೆ ಕೊಡುತ್ತಾಳಂತೆ, ಟಾರ್ಚಿನಲ್ಲಿ ಯಾರನ್ನು ನೋಡಿದೆ, 112ಕ್ಕೆ ಫೋನ್ ಮಾಡಿ ಆಯಿತೇ, ಅಮ್ಮ ಎಲ್ಲಿದ್ದಾರೆ, ಇಷ್ಟಕ್ಕೆ ಮೊದಲು ಉತ್ತರ ಹೇಳಬೇಕಂತೆ.