ಕರಪತ್ರದ ಎರಡು ಸಾಲು

ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ನನ್ನದು ಡಿಟಿಪಿ ಕೆಲಸ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ. ಚುನಾವಣೆ ಕರಪತ್ರವಾದರೆ ಮುದ್ರಕರ ಹೆಸರು, ವಿಳಾಸ ಹಾಕಲೇಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು. ಆ ಹೆದರಿಕೆ ಉಳಿದ ಕೆಲಸಕ್ಕೂ ಅಂಟಿಕೊಂಡಿತ್ತು. ಖಾರದ ಮಾತು ಕಂಡರೆ ಸಾಕು, ಅಳಿಸಿಬಿಡುತ್ತಿದ್ದೆ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಬೀದಿಯ ಮೋರಿ ಬಗ್ಗೆ ಬರೆದು ತಂದರು. 1000 ಪ್ರತಿ ಬೇಕು. 'ಎಂಜಿನಿಯರ್ ಸಾಹೇಬರ ಕಣ್ಣಿಗೆ ಮಣ್ಣು ಬಿದ್ದಿದೆಯೋ, ಮೋರಿ ಹೂಳೇ ಬಿದ್ದಿದೆಯೋ?' ಅಂತ ಒಂದು ಸಾಲು. ನಾನು ಅದನ್ನು 'ಅಧಿಕಾರಿಗಳು ಇತ್ತ ಗಮನ ಹರಿಸಬೇಕಾಗಿ ವಿನಂತಿ' ಮಾಡಿದೆ. ಪ್ರೂಫ್ ನೋಡಿದ ಮೇಷ್ಟ್ರು ಕನ್ನಡಕ ತೆಗೆದರು.

"ಏನಪ್ಪಾ, ಅರ್ಜಿ ಬರೆದುಕೊಡು ಅಂದ್ನಾ ನಾನು?"

ಅವರು ಕೇಳಿದ್ದು ಸರಿಯೇ. ಎಂಜಿನಿಯರಿಗೆ ಬೇಜಾರಾದರೆ ಆಗಲಿ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು, ಕಿರಿಕಿರಿ ಮಾಡುವ ಮೆಸೇಜಿಗೂ ಕೇಸು ಹಾಕಬಹುದಿದ್ದ ಐಟಿ ಕಾಯ್ದೆಯ ಸೆಕ್ಷನ್ 66ಎ ರದ್ದು ಮಾಡಿತಲ್ಲ, ಅದು ಆನ್‌ಲೈನ್ ಮಾತಿನ ವಿಷಯ, ನಿಜ. ಆದರೂ ಯಾರಿಗೋ ಕಿರಿಕಿರಿಯಾಯಿತು ಅಂತ ಕೇಸು ಹಾಕುವುದಾದರೆ ಯಾವ ಮಾತು ಉಳಿದೀತು?

ಸಾಲು ವಾಪಸ್ ಹಾಕಿದೆ. ಮೆಷಿನ್ ನೋಡಿಕೊಳ್ಳುವ ಹುಡುಗ ಯಾದಗಿರಿ ಕಡೆಯವನು. ಪ್ರೂಫ್ ತಗೊಂಡು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. ಇಂಕಿನ ಕಲೆ ಅಲ್ಲೇ ಕೂತಿತು.

"ಇದೂ ಪ್ರಿಂಟ್ ಹೊಡೀಬೇಕೇನ್ರಿ ಸರ?"

'ಶೆಡ್ಡಿನಲ್ಲಿರುವ ಉತ್ತರ ಕರ್ನಾಟಕದ ಗಾರೆಯವರಿಗೆ ಶುಚಿ ಅನ್ನೋದೇ ಗೊತ್ತಿಲ್ಲ.'

ಟೈಪ್ ಮಾಡಿದವನು ನಾನೇ. ಒತ್ತಕ್ಷರದ ತಪ್ಪನ್ನೂ ತಿದ್ದಿದ್ದೆ! ಹುಟ್ಟಿದ ಊರು, ಭಾಷೆ, ಜಾತಿ ಹಿಡಿದು ದ್ವೇಷ ಹುಟ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196 ಇದೆ. ಈ ಸಾಲು ಅಲ್ಲಿವರೆಗೆ ಹೋಗುತ್ತಿರಲಿಲ್ಲ ಬಿಡಿ. ಆದರೆ ಎಂಜಿನಿಯರ್ ವಕೀಲರನ್ನು ಇಟ್ಟುಕೊಳ್ಳಬಲ್ಲರು, ಗಾರೆಯವರು ಪ್ರೆಸ್ಸಿನ ಬಾಗಿಲಿಗೂ ಬರಲಾರರು. ಇಷ್ಟು ವರ್ಷ ಯಾರಿಗೆ ನೋಯುತ್ತದೆ ಅಂತ ನಾನು ನೋಡಿಯೇ ಇರಲಿಲ್ಲ. ಯಾರು ಕೇಸು ಹಾಕುತ್ತಾರೆ ಅಂತ ನೋಡುತ್ತಿದ್ದೆ.

ಆ ಸಾಲು ಬೇಡ ಅಂದೆ. ಮೇಷ್ಟ್ರು ರೇಗಿದರು. "ಆಗಲೇ ಒಂದು ಸಾಲು ನುಂಗಿದ್ದೆ, ಈಗ ಇನ್ನೊಂದಾ? ನನಗೆ ಮಾತಾಡೋ ಹಕ್ಕಿಲ್ವಾ?"

"ಇದೆ ಸಾರ್. ಕಸ ಹಾಕಿದ್ದನ್ನ ಬರೀರಿ. ಅವರ ಊರು ಯಾಕೆ ಬೇಕು?"

ಅವರು ಹುಡುಗನ ಕಡೆ ತಿರುಗಿ "ಯಾವೂರಪ್ಪಾ?" ಅಂದರು. ಹೇಳಿದ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ನನ್ನ ಕೆಂಪು ಪೆನ್ನು ಇಸ್ಕೊಂಡು, ಆ ಸಾಲು ಹೊಡೆದು, 'ಶೆಡ್ಡು ಹಾಕಿಸಿದ ಕಂಟ್ರಾಕ್ಟರ್ ಒಂದು ಕಸದ ಡಬ್ಬಿಯನ್ನೂ ಇಡಿಸಿಲ್ಲ' ಅಂತ ಬರೆದರು. ಖಾರ ಮೊದಲಿಗಿಂತ ಜಾಸ್ತಿಯೇ ಇತ್ತು. ಎಂಜಿನಿಯರ್ ಕಣ್ಣಿನ ಮಣ್ಣೂ ಹಾಗೇ ಉಳಿಯಿತು.

ಸಂಜೆಯೊಳಗೆ ಬಂಡಲ್ ಕಟ್ಟಿಕೊಟ್ಟೆವು. ತಡವಾಯಿತು ಅಂತ ಮೇಷ್ಟ್ರು 50 ರೂಪಾಯಿ ಕಮ್ಮಿ ಕೊಟ್ಟು ಹೋದರು.