ಸಫಾರಿ ಗೈಡ್ ಕೆಲಸ: ಗಾಡಿ ಓಡಿಸುವುದಕ್ಕಿಂತ ನಿಲ್ಲಿಸುವುದು ಕಲಿಯಿರಿ

ಬಂಡೀಪುರ, ನಾಗರಹೊಳೆಯ ಸಫಾರಿಗೆ ಹೊಸದಾಗಿ ಸೇರುವವರು ಮೊದಲು ಕೇಳುವುದು, ಯಾವ ಕೆರೆ ಹತ್ತಿರ ಯಾವ ಹುಲಿ ಓಡಾಡುತ್ತದೆ ಎಂದು. ಅದು ಗೊತ್ತಿರಬೇಕು, ನಿಜ. ಅದನ್ನೇ ನೆಚ್ಚಿಕೊಂಡರೆ ಮಾತ್ರ ನಿನ್ನೆ ಹುಲಿ ಕಂಡ ಜಾಗದಲ್ಲೇ ಇವತ್ತಿನ ಟ್ರಿಪ್ ಮುಗಿದುಹೋಗುತ್ತದೆ. 2022ರ ಗಣತಿಯ ಪ್ರಕಾರ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳಿವೆ. ಇದ್ದೇನು ಪ್ರಯೋಜನ, ಲಂಟಾನ ಪೊದೆಯೊಳಗೆ ಹತ್ತಡಿ ದೂರದಲ್ಲಿ ಮಲಗಿದ್ದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಜಿಂಕೆಗೆ, ಮುಸುವಕ್ಕೆ ಬೀಳುತ್ತದೆ. ಕಂಡೊಡನೆ ಅವು ಎಚ್ಚರಿಕೆಯ ಕೂಗು ಹಾಕುತ್ತವೆ. ಆ ಕೂಗು ಕೇಳಿಸಬೇಕಾದರೆ ಇಂಜಿನ್ ಆಫ್ ಆಗಿರಬೇಕು.

ಹಳ್ಳ, ಕೆರೆ ಏರಿ, ದಾರಿ ಕೂಡುವ ಜಾಗ ಬಂದಾಗಲೆಲ್ಲ ನಿಲ್ಲಿಸಿ, ಮೂರು ನಿಮಿಷ ಯಾರೂ ಉಸಿರೆತ್ತದಂತೆ ಕೂರಿಸಿ. ಮೊದಲ ಅರ್ಧ ನಿಮಿಷ ಕಿವಿಯಲ್ಲಿ ಇಂಜಿನ್ನಿನ ಸದ್ದೇ ಉಳಿದಿರುತ್ತದೆ, ಅದು ಲೆಕ್ಕಕ್ಕಿಲ್ಲ.

ಎಲ್ಲ ಕೂಗಿಗೂ ಒಂದೇ ಬೆಲೆಯಿಲ್ಲ. ಜಿಂಕೆ ಪುಕ್ಕಲು. ಚಿರತೆಗೂ ಕೂಗುತ್ತದೆ, ಸೀಳುನಾಯಿಗೂ ಕೂಗುತ್ತದೆ, ಒಂದು ಬೆದರಿದರೆ ಹಿಂಡೆಲ್ಲ ಬೆದರುತ್ತದೆ. ಎರಡು ಸಲ ಕೂಗಿ ಮತ್ತೆ ಮೇಯತೊಡಗಿದರೆ ಗಾಡಿ ಮುಂದಕ್ಕೆ ಬಿಡಿ. ಕಾಡುಕುರಿ ಒಮ್ಮೆ ಶುರುಮಾಡಿದರೆ ಬೊಗಳುತ್ತಲೇ ಇರುತ್ತದೆ. ಅದೊಂದನ್ನೇ ನಂಬಿ ಕಾಯಬೇಡಿ. ಕಡವೆ ಹಾಗಲ್ಲ. ಬಾಲ ಎತ್ತಿ, ಮುಂಗಾಲು ನೆಲಕ್ಕೆ ಬಡಿದು, ಬಿಟ್ಟುಬಿಟ್ಟು ದೊಡ್ಡದಾಗಿ ಕೂಗಿತೆಂದರೆ ಗಮನ ಕೊಡಲೇಬೇಕು. ಮುಸುವ ಮರದ ಮೇಲಿರುವುದರಿಂದ ದಿಕ್ಕು ತೋರಿಸುವುದು ಅದೇ. ಅದು ಕೂತ ಮರ ನೋಡಿ ಫಲವಿಲ್ಲ, ಅದರ ಮುಖ ಯಾವ ಕಡೆಗಿದೆ ನೋಡಿ. ಕಡವೆಯೂ ಮುಸುವವೂ ಒಟ್ಟಿಗೆ ಕೂಗಿದರೆ ಇಪ್ಪತ್ತು ನಿಮಿಷ ಕಾಯುವುದು ದಂಡವಲ್ಲ.

ಕೂಗು ನಿಂತಿತು, ಹುಲಿ ಹೋಯಿತು ಅಂದುಕೊಂಡು ಹೊರಡುವುದು ಹೊಸಬರ ಸಾಮಾನ್ಯ ತಪ್ಪು. ಹುಲಿ ಮಲಗಿದರೂ, ಪೊದೆಯ ಮರೆಗೆ ಸರಿದರೂ ಕೂಗು ನಿಲ್ಲುತ್ತದೆ. ಇನ್ನೊಂದು ತಪ್ಪೆಂದರೆ ಕೂಗು ಬಂದ ಜಾಗಕ್ಕೇ ಗಾಡಿ ನುಗ್ಗಿಸುವುದು. ಹುಲಿ ಯಾವ ಕಡೆ ನಡೆಯುತ್ತಿದೆ, ರಸ್ತೆಯನ್ನು ಎಲ್ಲಿ ದಾಟಬಹುದು ಎಂದು ಅಂದಾಜಿಸಿ, ಅಲ್ಲಿಂದ 60-70 ಮೀಟರ್ ಈಚೆಗೆ ನಿಲ್ಲಿಸಿ, ದಾಟುವ ದಾರಿ ಖಾಲಿ ಬಿಡಿ. ರಸ್ತೆಯಲ್ಲೇ ನಮ್ಮೆದುರು ನಡೆದು ಬಂದರೆ ನೇರವಾಗಿ, ನಿಧಾನವಾಗಿ ರಿವರ್ಸ್. ಬೆನ್ನು ಹಾಕಿ ಹೋಗುತ್ತಿದ್ದರೆ ಹಿಂದೆ ಬೀಳಬೇಡಿ. ಒತ್ತಿದರೆ ಪೊದೆಗೆ ಇಳಿಯುತ್ತದೆ, ಅಲ್ಲಿಗೆ ಆಟ ಮುಗಿಯಿತು. ಪ್ರಾಣಿಗೂ ಗಾಡಿಗೂ ಕನಿಷ್ಠ 20 ಮೀಟರ್, ಒಂದೇ ದಾರಿಯ ಎರಡು ಗಾಡಿಗಳ ನಡುವೆ 50 ಮೀಟರ್, ಹುಲಿ ಮುಂದೆ 15 ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಇದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ. ಫೋನಿನಲ್ಲಿ ಸುದ್ದಿ ಹರಡಿ ಏಳೆಂಟು ಗಾಡಿ ಒಟ್ಟಾದರೆ ಈ ಮೂರೂ ಗಾಳಿಗೆ ಹೋಗುತ್ತವೆ. ಟಿಪ್ಸ್ ಆಸೆಗೆ ಗೈಡೇ ಸುದ್ದಿ ಕೊಡುತ್ತಾನೆ ಅನ್ನುವುದು ನಮ್ಮ ಕಸುಬಿನ ಕೊಳೆ.

ಬೆಳಗಿನ ಮೊದಲ ಗಾಡಿಗೆ ಹೆಜ್ಜೆಗುರುತಿನ ಲಾಭವಿದೆ. ಗುರುತು ನಿನ್ನೆ ಸಂಜೆಯ ಟೈರ್ ಗೆರೆಯ ಮೇಲೆ ಬಿದ್ದಿದ್ದರೆ ರಾತ್ರಿ ನಡೆದದ್ದು. ಇವತ್ತಿನ ಗೆರೆಯ ಮೇಲಿದ್ದರೆ ಈಗ ತಾನೇ. ಸುತ್ತಲಿನ ಧೂಳಿನಲ್ಲಿ ಇಬ್ಬನಿ ಹನಿಯ ಚುಕ್ಕಿಗಳಿದ್ದು ಹೆಜ್ಜೆಯೊಳಗೆ ಇಲ್ಲದಿದ್ದರೆ ಇಬ್ಬನಿ ಬಿದ್ದ ಮೇಲೆ ನಡೆದಿದೆ. ಉಗುರಿನ ಗುರುತು ಮೂಡಿದ್ದರೆ ಸಾಮಾನ್ಯವಾಗಿ ನಾಯಿ ಜಾತಿಯದು. ಹೆಜ್ಜೆ ನೋಡಿ 'ಇದು ಇಂಥದೇ ಹುಲಿ' ಎಂದು ಪ್ರವಾಸಿಗರಿಗೆ ಹೇಳಬೇಡಿ. ಹುಲಿಯನ್ನು ಗುರುತಿಸುವುದು ಪಟ್ಟೆಯಿಂದ, ಅದೂ ಎಡಮಗ್ಗುಲಿನ ಪಟ್ಟೆಯೇ ಬೇರೆ, ಬಲದ್ದೇ ಬೇರೆ.

ಮಾರ್ಚ್, ಏಪ್ರಿಲ್‌ನಲ್ಲಿ ಕೆರೆ ಕಾಯುವುದು ಸರಿ, ಸೆಕೆಗೆ ಹುಲಿ ನೀರಲ್ಲಿ ಬಂದು ಕೂರುತ್ತದೆ. ಒಂದು ಜೋರು ಮಳೆ ಬಿತ್ತೋ, ಹೊಂಡಹೊಂಡದಲ್ಲೂ ನೀರು. ಆಮೇಲೆ ಅದೇ ಕೆರೆ ಕಾದರೆ ಕೊಕ್ಕರೆ ಎಣಿಸಬೇಕಷ್ಟೆ.

ಆನೆಯ ಮುಂದೆ ಮಾಡುವ ತಪ್ಪು ಹುಲಿಯ ಮುಂದೆ ಮಾಡುವುದಕ್ಕಿಂತ ದುಬಾರಿ. ಕಿವಿ ಅಗಲಿಸಿ, ಘೀಳಿಟ್ಟು, ನಾಲ್ಕು ಹೆಜ್ಜೆ ನುಗ್ಗಿ ನಿಂತರೆ ಬಹುಮಟ್ಟಿಗೆ ಬೆದರಿಕೆ. ಸದ್ದಿಲ್ಲದೆ, ಸೊಂಡಿಲು ಒಳಕ್ಕೆ ಸುತ್ತಿಕೊಂಡು ಬಂದರೆ ನಿಜವಾದ ದಾಳಿ. ಆ ಗಳಿಗೆಯಲ್ಲಿ ಎರಡನ್ನೂ ಬೇರ್ಪಡಿಸಿ ನೋಡುತ್ತ ಕೂರಬಾರದು, ಬೆದರಿಕೆಗೇ ಹಿಂದೆ ಸರಿಯಬೇಕು. ಕಣ್ಣಿಗೂ ಕಿವಿಗೂ ನಡುವೆ ಮದ ಸೋರಿ ಕಪ್ಪಗೆ ಗೆರೆ ಮೂಡಿದ್ದರೆ, ಹಿಂಗಾಲು ಮೂತ್ರದಿಂದ ನೆಂದಿದ್ದರೆ ಇನ್ನೂ ದೂರದಲ್ಲೇ ನಿಂತುಬಿಡಿ. ತಾಯಿಗೂ ಮರಿಗೂ ನಡುವೆ ಗಾಡಿ ತರಬೇಡಿ: ರಸ್ತೆಯ ಒಂದು ಬದಿ ಮರಿ ಕಂಡರೆ ಇನ್ನೊಂದು ಬದಿಯ ಪೊದೆಯಲ್ಲಿ ತಾಯಿ ಇದೆಯೆಂದೇ ಲೆಕ್ಕ. ಇಂಜಿನ್ ಆಫ್ ಮಾಡುವ ಪಾಠ ಇಲ್ಲಿ ನಡೆಯುವುದಿಲ್ಲ. ಸ್ಟಾರ್ಟಲ್ಲೇ ಇಟ್ಟು, ಹಿಂದಿನ ದಾರಿ ಖಾಲಿ ಇದೆಯೇ ಎಂದು ಮೊದಲು ನೋಡಿ. ಹಿಂದೆ ಇನ್ನೊಂದು ಗಾಡಿ ಅಂಟಿಕೊಂಡು ನಿಂತಿದ್ದರೆ ಕೈ ಮಾಡಿ ಅದನ್ನು ಮೊದಲು ಸರಿಸಿ.

ಕೊನೆಗೆ ಗೇಟು ಮುಚ್ಚುವ ಹೊತ್ತು. ಗೇಟಿಗೆ 12 ಕಿ.ಮೀ. ಇದ್ದರೆ ಗಂಟೆಗೆ 20 ಕಿ.ಮೀ. ವೇಗದಲ್ಲಿ 36 ನಿಮಿಷ ಬೇಕು. ದಾರಿಯಲ್ಲಿ ಆನೆ ಹಿಂಡು ಅಡ್ಡ ನಿಂತರೆ ಇನ್ನೊಂದು ಕಾಲು ಗಂಟೆ. ಅಂದರೆ ಒಂದು ಗಂಟೆ ಉಳಿದಿರುವಾಗಲೇ ಗಾಡಿಯ ಮುಖ ಗೇಟಿನ ಕಡೆ ತಿರುಗಿರಬೇಕು. ಹೊರಡುವ ಮೊದಲೇ ಪ್ರವಾಸಿಗರಿಗೆ ಈ ಲೆಕ್ಕ ಹೇಳಿಬಿಡಿ. 'ಸರ್, ಇನ್ನೊಂದು ರೌಂಡ್' ಎಂಬ ಒತ್ತಾಯ ಅಲ್ಲಿಗೇ ಕಡಿಮೆಯಾಗುತ್ತದೆ.